ಪೆನ್ನಿ ಊಟದ ಮೇಷ್ಟರು ಮತ್ತು ಒಂದು ಫುಟ್‌ಬಾಲ್ ತಂಡ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪೂರ್ವ ಭಾಗದಲ್ಲಿ ಫುಟ್‌ಬಾಲ್ ಅಭಿಮಾನಿಗಳು ಕಾಲ್ನಡಿಗೆಯಲ್ಲಿ ಕ್ರಮಿಸುವ ಒಂದು ಹಾದಿಯಿದೆ. ಕ್ಯಾಲ್ಟನ್ ಬಡಾವಣೆಯ ಸೇಂಟ್ ಮೇರಿ ಚರ್ಚಿನಿಂದ ಹೊರಟು, ಬ್ರಿಜ್‌ಟನ್‌ನ ಸೇಕ್ರೆಡ್ ಹಾರ್ಟ್ ಚರ್ಚಿನ ಪರಿಸರವನ್ನು ಹಾದು, ಜೇನ್‌ಫೀಲ್ಡ್ ಸ್ಮಶಾನದ ಗೋಡೆಯ ಪಕ್ಕದಲ್ಲಿ ಸಾಗಿದರೆ ಅರುವತ್ತು ಸಾವಿರ ಆಸನಗಳ ಸೆಲ್ಟಿಕ್ ಪಾರ್ಕ್ ಕ್ರೀಡಾಂಗಣ ಎದುರಾಗುತ್ತದೆ. ಸೆಲ್ಟಿಕ್ ಫುಟ್‌ಬಾಲ್ ತಂಡ ಹುಟ್ಟಿ ಬೆಳೆದ ಸ್ಥಳಗಳೆಲ್ಲ ಈ ಕೆಲವೇ ಕಿಲೋಮೀಟರುಗಳ ಒಳಗೆ ಸಿಗುತ್ತವೆ. ತಂಡದ ಇತಿಹಾಸ ಬಲ್ಲವರು ಹೊರಗಿನಿಂದ ಬಂದವರನ್ನು ಈ ಬೀದಿಗಳಲ್ಲಿ ಸುತ್ತಾಡಿಸಿ ವಿವರಿಸುವುದು ಅಲ್ಲಿ ಈಗ ರೂಢಿಯಾಗಿದೆ.

ಹಾದಿಯ ಕೊನೆಯಲ್ಲಿ, ಕ್ರೀಡಾಂಗಣದ ಮುಂದೆ, ಒಂದು ಕಂಚಿನ ಪ್ರತಿಮೆ ಇದೆ. ಅದು ಆಟಗಾರನದ್ದಲ್ಲ, ತರಬೇತುದಾರನದ್ದೂ ಅಲ್ಲ. ನಿಲುವಂಗಿ ತೊಟ್ಟ ಶಾಲಾ ಮೇಷ್ಟರೊಬ್ಬರದು. ಅವರ ಹೆಸರು ಬ್ರದರ್ ವಾಲ್‌ಫ್ರಿಡ್. ಜಗತ್ತಿನ ಪ್ರಸಿದ್ಧ ಫುಟ್‌ಬಾಲ್ ತಂಡಗಳಲ್ಲಿ ಒಂದನ್ನು ಸ್ಥಾಪಿಸಿದ ಈ ವ್ಯಕ್ತಿಗೆ ಫುಟ್‌ಬಾಲ್ ಆಟ ಗುರಿಯಾಗಿರಲಿಲ್ಲ. ಹಸಿದ ಶಾಲಾಮಕ್ಕಳಿಗೆ ಮಧ್ಯಾಹ್ನ ಊಟ ಹಾಕಲು ಹಣ ಬೇಕಾಗಿತ್ತು. ಹಣ ತರುವ ಸಾಧನವಾಗಿ ಅವರು ತಂಡ ಕಟ್ಟಿದರು. ಆ ತಂಡ ಅವರ ನಿರೀಕ್ಷೆ ಮೀರಿ ಬೆಳೆಯಿತು. ಆದರೆ ಯಾವ ಉದ್ದೇಶಕ್ಕಾಗಿ ಅದು ಹುಟ್ಟಿತೋ ಆ ಉದ್ದೇಶ ಹತ್ತೇ ವರ್ಷಗಳಲ್ಲಿ ಬದಿಗೆ ಸರಿಯಿತು. ಅವರ ಬದುಕನ್ನು ಇಂದು ಮತ್ತೆ ನೆನೆಯುವುದಕ್ಕೆ ಈ ವೈರುಧ್ಯವೇ ಮುಖ್ಯ ಕಾರಣ.

ವಾಲ್‌ಫ್ರಿಡ್ ಅವರ ಹುಟ್ಟುಹೆಸರು ಆಂಡ್ರೂ ಕೆರಿನ್ಸ್. ಐರ್ಲೆಂಡಿನ ಪಶ್ಚಿಮ ಭಾಗದ ಸ್ಲೈಗೋ ಜಿಲ್ಲೆಯ ಬ್ಯಾಲಿಮೋಟ್ ಎಂಬಲ್ಲಿ 1840ರ ಮೇ 18ರಂದು ಸಣ್ಣ ರೈತ ಕುಟುಂಬವೊಂದರಲ್ಲಿ ಅವರು ಜನಿಸಿದರು. ಐದು ವರ್ಷ ತುಂಬಿದಾಗ, 1845ರಲ್ಲಿ, ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗುಲಿತು. ಐರ್ಲೆಂಡಿನ ಬಡ ರೈತರಿಗೆ ಆಲೂಗಡ್ಡೆಯೇ ಅನ್ನ. ಮುಂದಿನ ಆರೇಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಜ್ವರಗಳಿಂದ ಸತ್ತರು. ಹೆಚ್ಚು ಕಡಿಮೆ ಅಷ್ಟೇ ಸಂಖ್ಯೆಯ ಜನ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ ಸುಮಾರು 1.80 ಲಕ್ಷವಿದ್ದ ಸ್ಲೈಗೋ ಜಿಲ್ಲೆಯ ಜನಸಂಖ್ಯೆ 1851ರ ಹೊತ್ತಿಗೆ 1.28 ಲಕ್ಷಕ್ಕೆ ಇಳಿಯಿತು. ಆಂಡ್ರೂ ಕೆರಿನ್ಸ್ ಅವರ ಬಾಲ್ಯ ಕಳೆದದ್ದು ಈ ವರ್ಷಗಳಲ್ಲಿ.

ಆ ಕ್ಷಾಮವನ್ನು ಲಂಡನ್ನಿನ ಸರ್ಕಾರ ನಿಭಾಯಿಸಿದ ರೀತಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠ. ಪರಿಹಾರ ಕಾರ್ಯದ ಸೂತ್ರ ಹಿಡಿದಿದ್ದವರು ಖಜಾನೆ ಇಲಾಖೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್. ಮಾರುಕಟ್ಟೆಯ ವ್ಯವಹಾರದಲ್ಲಿ ಸರ್ಕಾರ ಕೈಹಾಕಬಾರದು, ಬಡವರ ಪೋಷಣೆಯ ಹೊರೆಯನ್ನು ಆಯಾ ಪ್ರದೇಶದ ಭೂಮಾಲೀಕರು ತೆರುವ ಸ್ಥಳೀಯ ತೆರಿಗೆಯೇ ಹೊರಬೇಕು ಎಂಬುದು ಅಂದಿನ ಆಡಳಿತದ ನಂಬಿಕೆ. 1847ರ ಬೇಸಿಗೆಯಲ್ಲಿ ಗಂಜಿಕೇಂದ್ರಗಳನ್ನು ತೆರೆದಾಗ ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಆಹಾರ ದೊರೆಯಿತು. ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಜೀವ ಉಳಿಸಿದ ಕ್ರಮ ಅದು. ಆದರೂ ಕೆಲವೇ ತಿಂಗಳಲ್ಲಿ ಅವುಗಳನ್ನು ಮುಚ್ಚಲಾಯಿತು. ಹಸಿವು ಮಾತ್ರ ಇನ್ನೂ ಹಲವು ವರ್ಷ ಮುಂದುವರಿಯಿತು.

ಇದು ನಮಗೆ ತೀರ ದೂರದ ಕಥೆಯೇನೂ ಅಲ್ಲ. ಇದೇ ಟ್ರೆವೆಲಿಯನ್ 1859ರಲ್ಲಿ ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿ ಬಂದರು. ಬಳ್ಳಾರಿ, ಮಂಗಳೂರು ಆಗ ಆ ಪ್ರಾಂತ್ಯಕ್ಕೆ ಸೇರಿದ್ದವು. ಅವರು ಹೋದ ಮೇಲೂ ಆ ಚಿಂತನೆ ಉಳಿಯಿತು. 1876ರಿಂದ 1878ರವರೆಗೆ ಬಳ್ಳಾರಿಯನ್ನೂ ಮೈಸೂರು ಸಂಸ್ಥಾನವನ್ನೂ ನಡುಗಿಸಿದ ಮಹಾಕ್ಷಾಮದಲ್ಲಿ, ಪರಿಹಾರದ ವೆಚ್ಚ ತಗ್ಗಿಸಲು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕಾಮಗಾರಿಗಳ ಕೂಲಿಯನ್ನೇ ಕಡಿತ ಮಾಡಿದ್ದು ಇತಿಹಾಸದಲ್ಲಿ ದಾಖಲಾಗಿದೆ. ಹಸಿದವನಿಗೆ ಅನ್ನ ಹಾಕಿದರೆ ಅವನು ಸೋಮಾರಿಯಾಗುತ್ತಾನೆ ಎಂಬ ಭಯ ಅಟ್ಲಾಂಟಿಕ್ ದಂಡೆಯಿಂದ ತುಂಗಭದ್ರೆಯ ದಂಡೆಯವರೆಗೆ ಒಂದೇ ಆಗಿತ್ತು. ವಾಲ್‌ಫ್ರಿಡ್ ಅವರ ಬದುಕು ಆ ಭಯಕ್ಕೆ ಕೊಟ್ಟ ಉತ್ತರದಂತಿದೆ.

1855ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಆಂಡ್ರೂ ಕೆರಿನ್ಸ್ ಸಮುದ್ರ ದಾಟಿ ಗ್ಲಾಸ್ಗೋ ಸೇರಿದರು. ಕೈಯಲ್ಲಿ ವಿದ್ಯೆಯಿಲ್ಲ, ಕಸುಬಿಲ್ಲ. ಹಗಲು ದುಡಿಮೆ, ಸಂಜೆ ರಾತ್ರಿಶಾಲೆ. ಹೀಗೆ ಆರಂಭವಾಯಿತು ಅವರ ನಗರಜೀವನ. 1851ರ ಜನಗಣತಿಯ ಪ್ರಕಾರವೇ ಗ್ಲಾಸ್ಗೋ ನಿವಾಸಿಗಳಲ್ಲಿ ಶೇಕಡ 18ರಷ್ಟು ಜನ ಐರ್ಲೆಂಡಿನಲ್ಲಿ ಹುಟ್ಟಿದವರು. ಹತ್ತಿ ಗಿರಣಿ, ಬಣ್ಣದ ಕಾರ್ಖಾನೆ, ಕಬ್ಬಿಣದ ಕುಲುಮೆಗಳ ಪೂರ್ವ ಗ್ಲಾಸ್ಗೋ ಅವರ ನೆಲೆ. ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಒಂದೇ ಮೆಟ್ಟಿಲ ಸುತ್ತ ಹಲವು ಸಂಸಾರ. ಪ್ರಾಟೆಸ್ಟೆಂಟ್ ಬಹುಸಂಖ್ಯಾತರ ನಾಡಿನಲ್ಲಿ ಕ್ಯಾಥೊಲಿಕರು. ಕಡಿಮೆ ಕೂಲಿಗೆ ದುಡಿದು ತಮ್ಮ ಅನ್ನ ಕಸಿಯುವವರು ಎಂಬ ಸ್ಥಳೀಯ ಕಾರ್ಮಿಕರ ದೂರು ಬೇರೆ. ವಲಸೆಗಾರರನ್ನು ಎಲ್ಲ ನಗರಗಳೂ ಇದೇ ಮಾತಿನಿಂದ ಸ್ವಾಗತಿಸಿವೆ.

ಫ್ರಾನ್ಸಿನಲ್ಲಿ 1817ರಲ್ಲಿ ಸ್ಥಾಪನೆಯಾಗಿದ್ದ ಮಾರಿಸ್ಟ್ ಬ್ರದರ್ಸ್ ಎಂಬ ಕ್ಯಾಥೊಲಿಕ್ ಶಿಕ್ಷಕರ ಸಂಘ 1858ರಲ್ಲಿ ಗ್ಲಾಸ್ಗೋಗೆ ಬಂದಿತ್ತು. ಇವರು ಪಾದ್ರಿಗಳಲ್ಲ, ಬ್ರಹ್ಮಚರ್ಯ ಮತ್ತು ಬಡತನದ ವ್ರತ ತೊಟ್ಟು ಬಡಮಕ್ಕಳಿಗೆ ಪಾಠ ಹೇಳುವವರು. 1864ರಲ್ಲಿ ಆಂಡ್ರೂ ಕೆರಿನ್ಸ್ ಈ ಸಂಘ ಸೇರಿದರು. ಫ್ರಾನ್ಸಿನಲ್ಲಿ ತರಬೇತಿ ಪಡೆದು, ಸಂಘದ ಪದ್ಧತಿಯಂತೆ ಹಳೆಯ ಸಂತನೊಬ್ಬನ ಹೆಸರು ಧರಿಸಿ, ಬ್ರದರ್ ವಾಲ್‌ಫ್ರಿಡ್ ಆಗಿ ಗ್ಲಾಸ್ಗೋಗೆ ಮರಳಿದರು. ಸೇಂಟ್ ಮೇರಿ ಶಾಲೆಯಲ್ಲಿ ಕೆಲಸ ಮಾಡಿ, 1874ರಲ್ಲಿ ಬ್ರಿಜ್‌ಟನ್‌ನ ಸೇಕ್ರೆಡ್ ಹಾರ್ಟ್ ಶಾಲೆಯ ಮುಖ್ಯೋಪಾಧ್ಯಾಯರಾದರು. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಕೂಲಿಹುಡುಗ ಮೂವತ್ತನಾಲ್ಕನೆಯ ವಯಸ್ಸಿಗೆ ಶಾಲೆಯೊಂದನ್ನು ನಡೆಸುವ ಹೊಣೆ ಹೊತ್ತರು.

ಆ ಕಾಲದ ಶಾಲಾ ಹಣಕಾಸಿನ ಸ್ಥಿತಿಯನ್ನು ತಿಳಿಯದೆ ಅವರ ಮುಂದಿನ ಕೆಲಸ ಅರ್ಥವಾಗುವುದಿಲ್ಲ. 1872ರ ಸ್ಕಾಟ್ಲೆಂಡ್ ಶಿಕ್ಷಣ ಕಾಯ್ದೆ ಐದರಿಂದ ಹದಿಮೂರು ವರ್ಷದವರೆಗಿನ ಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಆದರೆ ಶಿಕ್ಷಣ ಉಚಿತವಾಗಿರಲಿಲ್ಲ. ಸುಮಾರು 1890ರವರೆಗೆ ಶುಲ್ಕ ಇದ್ದೇ ಇತ್ತು. ಕ್ಯಾಥೊಲಿಕ್ ಶಾಲೆಗಳು ತಮ್ಮ ಧಾರ್ಮಿಕ ಸ್ವರೂಪ ಉಳಿಸಿಕೊಳ್ಳಲು ಸರ್ಕಾರಿ ಶಾಲಾ ಮಂಡಳಿಗಳಿಂದ ಹೊರಗುಳಿದವು. ಹೀಗಾಗಿ ಸ್ಥಳೀಯ ತೆರಿಗೆಯ ಹಣ ಅವಕ್ಕೆ ದೊರೆಯಲಿಲ್ಲ. ದೊರೆಯುತ್ತಿದ್ದ ಕೇಂದ್ರ ಅನುದಾನವೂ ಮಕ್ಕಳ ಹಾಜರಿ ಮತ್ತು ಪರೀಕ್ಷೆಯ ಫಲಿತಾಂಶವನ್ನು ಅವಲಂಬಿಸಿತ್ತು. ಮಗು ಬರದಿದ್ದರೆ ಅನುದಾನವಿಲ್ಲ, ಅನುದಾನವಿಲ್ಲದಿದ್ದರೆ ಮೇಷ್ಟರಿಲ್ಲ.

ಮಗು ಏಕೆ ಬರುತ್ತಿರಲಿಲ್ಲ? ಇದಕ್ಕೆ ಬಹು ಮಟ್ಟಿಗೆ ಉತ್ತರ ಹಸಿವು. 1878ರ ಅಕ್ಟೋಬರಿನಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿತು. ಅದರ ಬೆನ್ನಿಗೇ ಬಂದ ಆರ್ಥಿಕ ಕುಸಿತ 1880ರ ದಶಕದಲ್ಲೂ ಪೂರ್ವ ಗ್ಲಾಸ್ಗೋದ ದಿನಗೂಲಿಯವರನ್ನು ಬಿಡಲಿಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದ ಮಗು ಮಧ್ಯಾಹ್ನ ಮನೆಗೆ ಹೋದರೆ ಅಲ್ಲಿಯೂ ಏನೂ ಇರುತ್ತಿರಲಿಲ್ಲ. ಹೋದ ಮಗು ಮತ್ತೆ ಶಾಲೆಗೆ ಮರಳುತ್ತಿರಲಿಲ್ಲ. ಪಾಠ ಹೇಳುವ ಮುನ್ನ ಹೊಟ್ಟೆ ತುಂಬಿಸಬೇಕು ಎಂಬ ಸರಳ ಸತ್ಯವನ್ನು ವಾಲ್‌ಫ್ರಿಡ್ ಹಾಜರಿ ಪುಸ್ತಕದಲ್ಲಿಯೇ ಕಂಡುಕೊಂಡಿರಬೇಕು.

1880ರ ದಶಕದ ಮಧ್ಯದಲ್ಲಿ ಅವರು ಬಡಮಕ್ಕಳ ಊಟದ ವ್ಯವಸ್ಥೆಯನ್ನು ಆರಂಭಿಸಿದರು. ಸೇಂಟ್ ಮೇರಿ ಶಾಲೆಯಲ್ಲಿ ಅವರ ಸಹವ್ರತಿ ಬ್ರದರ್ ಡೊರೋಥಿಯಸ್ ಇದೇ ಕೆಲಸಕ್ಕೆ ಕೈಜೋಡಿಸಿದರು. ಪ್ಯಾರಿಸ್‌ನಲ್ಲಿ 1833ರಲ್ಲಿ ಹುಟ್ಟಿದ, ಬಡವರ ಸೇವೆಗೆ ಮೀಸಲಾದ ಸೇಂಟ್ ವಿನ್ಸೆಂಟ್ ಡಿ ಪಾಲ್ ಸಂಸ್ಥೆಯ ಸ್ಥಳೀಯ ಶಾಖೆಗಳು ಆಸರೆಯಾದವು. ಊಟದ ಬೆಲೆ ಒಂದು ಪೆನ್ನಿ. ಅಂದಿನ ಲೆಕ್ಕದಲ್ಲಿ ಒಂದು ಪೌಂಡಿಗೆ 240 ಪೆನ್ನಿ. ಕೊಡಲು ಸಾಧ್ಯವೇ ಇಲ್ಲದವರಿಗೆ ಊಟ ಉಚಿತ.

ಈ ಒಂದು ಪೆನ್ನಿಯ ಮಹತ್ವವನ್ನು ಗಮನಿಸಬೇಕು. ಅದರಿಂದ ಊಟದ ವೆಚ್ಚ ಪೂರ್ತಿ ಹುಟ್ಟುತ್ತಿರಲಿಲ್ಲ. ಆದರೆ ಕೊಟ್ಟು ಉಣ್ಣುವ ಮಗು ಭಿಕ್ಷೆಯ ಅವಮಾನ ಅನುಭವಿಸುವುದಿಲ್ಲ. ತಾಯಿ ತಂದೆಯರಿಗೂ ತಮ್ಮ ಮಗುವಿಗೆ ತಾವೇ ಉಣಿಸಿದ ಸಮಾಧಾನ. ಆದಾಗ್ಯೂ ನಾಲ್ಕು ಮಕ್ಕಳಿರುವ ಮನೆಗೆ ವಾರಕ್ಕೆ ಐದು ದಿನ ಎಂದರೆ ಇಪ್ಪತ್ತು ಪೆನ್ನಿ ಬೇಕು. ಕೆಲಸ ತಪ್ಪಿದ ವಾರ ಅದೂ ಭಾರವೇ. ಕೆಲಸ ತಪ್ಪುವ ವಾರಗಳು ಹೆಚ್ಚಿದಂತೆ ಉಚಿತ ಊಟದ ಸಂಖ್ಯೆ ಏರುತ್ತಿತ್ತು. ಅದೇ ಹೊತ್ತಿಗೆ ದಾನ ಕೊಡುವವರ ಕೈಯೂ ಬಿಗಿಯಾಗುತ್ತಿತ್ತು. ಅಗತ್ಯ ಹೆಚ್ಚಾದಾಗಲೇ ಆದಾಯ ಕುಗ್ಗುವುದು ಎಲ್ಲ ದತ್ತಿಗಳ ಮೂಲಭೂತ ದೌರ್ಬಲ್ಯ.

ವಾಲ್‌ಫ್ರಿಡ್ ಅವರ ಉದ್ದೇಶದಲ್ಲಿ ಕರುಣೆಯೊಂದೇ ಇತ್ತೆಂದು ಹೇಳಿದರೆ ಅದು ಪೂರ್ಣ ಚಿತ್ರವಾಗದು. ಪ್ರಾಟೆಸ್ಟೆಂಟ್ ಮಿಷನ್ನುಗಳು ನಡೆಸುತ್ತಿದ್ದ ಗಂಜಿಕೇಂದ್ರಗಳಿಗೆ ಹೋದ ಕ್ಯಾಥೊಲಿಕ್ ಮಕ್ಕಳು ತಮ್ಮ ಮತದಿಂದ ದೂರವಾದಾರು ಎಂಬ ಆತಂಕ ಅವರಿಗೂ ಅವರ ಚರ್ಚಿಗೂ ಇತ್ತು. ಕ್ಷಾಮದ ಐರ್ಲೆಂಡಿನಲ್ಲಿ ಗಂಜಿಗಾಗಿ ಮತ ಬದಲಿಸಿದವರ ಕಹಿ ನೆನಪು ಇನ್ನೂ ಮಾಸಿರಲಿಲ್ಲ. ಮತದ ಕಾಳಜಿ ಮತ್ತು ಮಗುವಿನ ಕಾಳಜಿ ಅವರಲ್ಲಿ ಬೆರೆತೇ ಇದ್ದವು. ಅಂದಿನ ಹೆಚ್ಚಿನ ದಾನಧರ್ಮಗಳ ಸ್ವರೂಪವೇ ಅದಾಗಿತ್ತು. ಅವುಗಳ ಫಲ ಉಂಡ ಮಗುವಿಗೆ ಮಾತ್ರ ಊಟ ಊಟವೇ.

ಹಣದ ದಾರಿ ತೋರಿಸಿದ್ದು ಫುಟ್‌ಬಾಲ್. ಎಡಿನ್‌ಬರೊದ ಐರಿಷ್ ವಲಸೆಗಾರರು 1875ರಲ್ಲಿ ಕ್ಯಾನನ್ ಎಡ್ವರ್ಡ್ ಹ್ಯಾನನ್ ಎಂಬ ಪಾದ್ರಿಯ ಮಾರ್ಗದರ್ಶನದಲ್ಲಿ ಹೈಬರ್ನಿಯನ್ ಎಂಬ ತಂಡ ಕಟ್ಟಿದ್ದರು. 1887ರ ಫೆಬ್ರವರಿಯಲ್ಲಿ ಆ ತಂಡ ಡಂಬಾರ್ಟನ್ ತಂಡವನ್ನು 2-1ರಿಂದ ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು. ಗ್ಲಾಸ್ಗೋದಲ್ಲಿ ನಡೆದ ಆ ಪಂದ್ಯದ ನಂತರ ವಿಜೇತರನ್ನು ಸೇಂಟ್ ಮೇರಿ ಸಭಾಂಗಣಕ್ಕೆ ಕರೆದು ಸತ್ಕರಿಸಲಾಯಿತು. ಗ್ಲಾಸ್ಗೋದವರೂ ಇಂಥದೊಂದು ತಂಡವನ್ನು ಏಕೆ ಕಟ್ಟಬಾರದು ಎಂಬ ಸಲಹೆ ಅಂದು ಬಂದಿತು. ಶನಿವಾರ ಅರ್ಧ ದಿನ ರಜೆ ದೊರೆಯತೊಡಗಿದ್ದ ಕಾರ್ಮಿಕ ವರ್ಗ ಕೆಲವು ಪೆನ್ನಿ ಕೊಟ್ಟು ಸಾವಿರಾರು ಸಂಖ್ಯೆಯಲ್ಲಿ ಪಂದ್ಯ ನೋಡಲು ಬರುತ್ತಿದ್ದ ಕಾಲ ಅದು. ಶ್ರೀಮಂತರ ದೊಡ್ಡ ದೇಣಿಗೆಗಿಂತ ಬಡವರ ಸಣ್ಣ ಪ್ರವೇಶಧನ ಹೆಚ್ಚು ನಂಬಿಕೆಯ ಆದಾಯ ಎಂಬುದನ್ನು ವಾಲ್‌ಫ್ರಿಡ್ ಗ್ರಹಿಸಿದರು.

1887ರ ನವೆಂಬರ್ 6ರ ಭಾನುವಾರ ಸೇಂಟ್ ಮೇರಿ ಸಭಾಂಗಣದಲ್ಲಿ ತಂಡದ ಸ್ಥಾಪನೆಯಾಯಿತು. ಎಡಿನ್‌ಬರೊದಂತೆ ಇದಕ್ಕೂ ಹೈಬರ್ನಿಯನ್ ಎಂಬ ಹೆಸರೇ ಇರಲಿ ಎಂದವರಿದ್ದರು. ಹೈಬರ್ನಿಯನ್ ಎಂದರೆ ಐರಿಷ್. ವಾಲ್‌ಫ್ರಿಡ್ ಸೆಲ್ಟಿಕ್ ಎಂಬ ಹೆಸರನ್ನು ಮುಂದಿಟ್ಟರು. ಸೆಲ್ಟ್ ಎಂಬುದು ಐರಿಷರಿಗೂ ಸ್ಕಾಟರಿಗೂ ಸಮಾನವಾದ ಪ್ರಾಚೀನ ಪರಂಪರೆಯನ್ನು ಸೂಚಿಸುವ ಪದ. ವಲಸೆ ಬಂದವರು ತಮ್ಮ ಬೇರನ್ನು ಬಿಡದೆ, ಬಂದ ನೆಲದೊಡನೆಯೂ ನಂಟು ಹೇಳಿಕೊಳ್ಳುವ ಜಾಣ್ಮೆ ಆ ಹೆಸರಿನಲ್ಲಿದೆ. ಹೈಬರ್ನಿಯನ್ ತಂಡ ಆರಂಭದಲ್ಲಿ ಕ್ಯಾಥೊಲಿಕರಿಗಷ್ಟೇ ಮೀಸಲಾಗಿತ್ತು. ಸೆಲ್ಟಿಕ್ ಆ ನಿರ್ಬಂಧ ಹಾಕಿಕೊಳ್ಳಲಿಲ್ಲ. ಸಂಸ್ಥಾಪಕರ ಈ ಔದಾರ್ಯದ ಫಲ ಏನೆಂಬುದು ಎಂಬತ್ತು ವರ್ಷಗಳ ಬಳಿಕ ತಿಳಿಯಿತು.

ಜೇನ್‌ಫೀಲ್ಡ್ ಸ್ಮಶಾನದ ಮಗ್ಗುಲಲ್ಲಿದ್ದ ಜಾಗವನ್ನು ವರ್ಷಕ್ಕೆ 50 ಪೌಂಡ್ ಬಾಡಿಗೆಗೆ ಪಡೆಯಲಾಯಿತು. ಕೆಲಸ ಮುಗಿಸಿ ಬಂದ ಕೂಲಿಯವರು, ಗಾರೆಯವರು, ಬಡಗಿಗಳು ಸಂಬಳವಿಲ್ಲದೆ ದುಡಿದು ಆರು ತಿಂಗಳಲ್ಲಿ ಮೈದಾನ ಸಿದ್ಧಪಡಿಸಿದರು. ಸೇಂಟ್ ಮೇರಿ, ಸೇಕ್ರೆಡ್ ಹಾರ್ಟ್ ಮತ್ತು ಸೇಂಟ್ ಮೈಕೇಲ್ ಪ್ರದೇಶಗಳ ಬಡಮಕ್ಕಳ ಊಟಕ್ಕೆ ಹಣ ಒದಗಿಸುವುದೇ ತಂಡದ ಮುಖ್ಯ ಉದ್ದೇಶ ಎಂದು 1888ರ ಜನವರಿಯಲ್ಲಿ ಹಂಚಿದ ಮನವಿಪತ್ರ ಸ್ಪಷ್ಟಪಡಿಸಿತ್ತು. ಆಟಗಾರರನ್ನು ಹುಡುಕಲು ವಾಲ್‌ಫ್ರಿಡ್ ಸ್ವತಃ ಮನೆಮನೆಗೆ ಹೋದರು. ಟಾಮ್ ಮೇಲಿ ಎಂಬ ಆಟಗಾರನನ್ನು ಕರೆಯಲು ಹೋದವರು ಅವನ ತಮ್ಮ ವಿಲ್ಲಿಯನ್ನೂ ಕರೆದು ಬಂದರು. ಆ ತಮ್ಮನೇ ಮುಂದೆ 1897ರಿಂದ 1940ರವರೆಗೆ ತಂಡದ ವ್ಯವಸ್ಥಾಪಕನಾದ ವಿಲ್ಲಿ ಮೇಲಿ.

1888ರ ಮೇ 28ರಂದು ಸೆಲ್ಟಿಕ್ ತನ್ನ ಮೊದಲ ಪಂದ್ಯವನ್ನು ಅದೇ ನಗರದ ರೇಂಜರ್ಸ್ ವಿರುದ್ಧ ಆಡಿ 5-2ರಿಂದ ಗೆದ್ದಿತು. ಮುಂದೆ ಮತೀಯ ವೈಷಮ್ಯದ ಕಹಿ ತುಂಬಿಕೊಂಡ ಈ ಎರಡು ತಂಡಗಳ ನಂಟು ಸ್ನೇಹದ ಪಂದ್ಯದಿಂದಲೇ ಆರಂಭವಾಯಿತು ಎಂಬುದನ್ನು ಮರೆಯಬಾರದು. ಮೊದಲ ಋತುವಿನಲ್ಲಿಯೇ ತಂಡ ಸ್ಕಾಟಿಷ್ ಕಪ್‌ನ ಅಂತಿಮ ಪಂದ್ಯ ತಲುಪಿತು. 1892ರಲ್ಲಿ ಕ್ವೀನ್ಸ್ ಪಾರ್ಕ್ ತಂಡವನ್ನು 5-1ರಿಂದ ಮಣಿಸಿ ಕಪ್ ಗೆದ್ದಿತು. ಊಟದ ಮೇಜುಗಳಿಗೆ ಹಣ ಹರಿಯಿತು. ವಾಲ್‌ಫ್ರಿಡ್ ಅವರ ಲೆಕ್ಕಾಚಾರ ಸರಿಯಾಗಿಯೇ ಇತ್ತು.

ಆದರೆ ಯಶಸ್ಸಿಗೂ ಬೆಲೆ ಇರುತ್ತದೆ. ಮೈದಾನದ ಮಾಲೀಕ ವರ್ಷದ ಬಾಡಿಗೆಯನ್ನು 50 ಪೌಂಡ್‌ಗಳಿಂದ 450 ಪೌಂಡ್‌ಗಳಿಗೆ ಏರಿಸಿದ. ಮಕ್ಕಳ ಊಟಕ್ಕಾಗಿ ಹುಟ್ಟಿದ ಆದಾಯ ಭೂಮಾಲೀಕನ ಕಣ್ಣಿಗೆ ಬಿದ್ದಿತ್ತು. ತಂಡ ಹತ್ತಿರದಲ್ಲಿಯೇ, ಇಟ್ಟಿಗೆ ಸುಡಲು ಮಣ್ಣು ತೆಗೆದು ಹೊಂಡವಾಗಿದ್ದ ಜಾಗವನ್ನು ಹಿಡಿದು, ಗಾಡಿಗಟ್ಟಲೆ ಮಣ್ಣು ಸುರಿದು ಹೊಸ ಮೈದಾನ ಮಾಡಿತು. ಐರ್ಲೆಂಡಿನ ಭೂ ಹೋರಾಟದ ನಾಯಕ ಮೈಕೇಲ್ ಡೇವಿಟ್ 1892ರ ಮಾರ್ಚಿನಲ್ಲಿ ಅಲ್ಲಿ ಹುಲ್ಲಿನ ಮೊದಲ ಹೆಂಟೆಯನ್ನಿಟ್ಟರು. ಭೂಮಾಲೀಕರ ದುರಾಸೆಯ ವಿರುದ್ಧ ಬದುಕಿಡೀ ಹೋರಾಡಿದವರನ್ನು ಕರೆದದ್ದು ಔಚಿತ್ಯಪೂರ್ಣವೇ ಆಗಿತ್ತು. ಸ್ಮಶಾನದ ಪಕ್ಕದಿಂದ ಸ್ವರ್ಗಕ್ಕೆ ಬಂದೆವೆಂದು ಜನ ಹೊಸ ಮೈದಾನವನ್ನು ಪ್ಯಾರಡೈಸ್ ಎಂದು ಕರೆದರು. ಆ ಅಡ್ಡಹೆಸರು ಇಂದಿಗೂ ಉಳಿದಿದೆ.

ಅದೇ 1892ರಲ್ಲಿ ಮಾರಿಸ್ಟ್ ಸಂಘ ವಾಲ್‌ಫ್ರಿಡ್ ಅವರನ್ನು ಲಂಡನ್ನಿಗೆ ವರ್ಗ ಮಾಡಿತು. ವ್ರತಬದ್ಧರಾದವರಿಗೆ ಆದೇಶ ಆದೇಶವೇ. ಐವತ್ತೆರಡನೆಯ ವಯಸ್ಸಿನಲ್ಲಿ ಅವರು ತಾವು ಕಟ್ಟಿದ್ದನ್ನೆಲ್ಲ ಅಲ್ಲಿಯೇ ಬಿಟ್ಟು, ಲಂಡನ್ನಿನ ಪೂರ್ವ ಭಾಗದ ಬಡ ಬಡಾವಣೆಗಳಿಗೆ ಹೋದರು. ಅಲ್ಲಿಯೂ ಬಡ ಹುಡುಗರಿಗೆ ಪಾಠ, ಅಲ್ಲಿಯೂ ಅವರಿಗಾಗಿ ಫುಟ್‌ಬಾಲ್ ಪಂದ್ಯಗಳು. ಮೊದಲಿನ ಕೆಲಸವನ್ನೇ ಅವರು ಸದ್ದಿಲ್ಲದೆ ಮತ್ತೊಮ್ಮೆ ಆರಂಭಿಸಿದರು.

ಅವರು ಹೋದ ಮೇಲೆ ಗ್ಲಾಸ್ಗೋದಲ್ಲಿ ಲೆಕ್ಕ ಬದಲಾಯಿತು. 1893ರಲ್ಲಿ ಸ್ಕಾಟ್ಲೆಂಡಿನಲ್ಲಿ ಆಟಗಾರರಿಗೆ ಸಂಬಳ ಕೊಡುವುದು ಕಾನೂನುಬದ್ಧವಾಯಿತು. ಹೊಸ ಮೈದಾನಕ್ಕೆ ಬಂಡವಾಳ ಬೇಕಾಗಿತ್ತು. ಸಾಲಕ್ಕೆ ಸಮಿತಿಯ ಸದಸ್ಯರು ವೈಯಕ್ತಿಕವಾಗಿ ಹೊಣೆಯಾಗಬೇಕಾದ ಸ್ಥಿತಿ. ತಂಡವನ್ನು ಸೀಮಿತ ಹೊಣೆಯ ಕಂಪನಿ ಮಾಡಬೇಕೆಂಬ ವಾದ ಬಲವಾಯಿತು. ಅದನ್ನು ವಿರೋಧಿಸಿ ಮೂಲ ಉದ್ದೇಶವನ್ನು ನೆನಪಿಸಿದವರು ಸೋತರು. 1897ರಲ್ಲಿ ಸೆಲ್ಟಿಕ್ ಕಂಪನಿಯಾಯಿತು. ಅದೇ ವರ್ಷ ವಿಶ್ವ ಸೈಕಲ್ ಚಾಂಪಿಯನ್‌ಷಿಪ್ ಕೂಡ ಅಲ್ಲಿಯೇ ನಡೆಯಿತು. ಷೇರುದಾರರಿಗೆ ಲಾಭಾಂಶ ಬರತೊಡಗಿತು. ಧರ್ಮಾರ್ಥ ಪಂದ್ಯಗಳು ಮುಂದೆಯೂ ನಡೆದವು ನಿಜ. ಆದರೆ ಆದಾಯದ ಮೇಲೆ ಮೊದಲ ಹಕ್ಕು ಮಕ್ಕಳ ಊಟದ ಮೇಜಿನದು ಎಂಬ ತತ್ತ್ವ ಕೊನೆಗೊಂಡಿತು.

ಕಂಪನಿ ಮಾಡಿದವರನ್ನು ಖಳರೆಂದು ಚಿತ್ರಿಸುವುದು ಸುಲಭ, ಅದು ನ್ಯಾಯವಲ್ಲ. ಕಂಪನಿಯಾಗದಿದ್ದರೆ ತಂಡವೇ ಉಳಿಯುತ್ತಿರಲಿಲ್ಲವೇನೋ. ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನಂಥವರಿಗೆ ಕಾಣುವ ದೋಷ ಬೇರೆಯದು. ವಾಲ್‌ಫ್ರಿಡ್ ಅವರ ಸಂಕಲ್ಪ ಮನವಿಪತ್ರದಲ್ಲಿತ್ತು, ಜನರ ಮನಸ್ಸಿನಲ್ಲಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಅವರ ವ್ಯಕ್ತಿತ್ವದಲ್ಲಿತ್ತು. ಮುಂದಿನವರನ್ನು ಕಟ್ಟಿಹಾಕುವ ದತ್ತಿಪತ್ರದಲ್ಲಿ ಅದು ಇರಲಿಲ್ಲ. ಒಬ್ಬ ವ್ಯಕ್ತಿಯ ನೈತಿಕ ಬಲದ ಮೇಲೆ ನಿಂತ ಯೋಜನೆ ಅವನ ವರ್ಗಾವಣೆಯೊಂದಿಗೆ ಕುಸಿಯುತ್ತದೆ. ನಮ್ಮ ಜಿಲ್ಲೆಗಳಲ್ಲಿ ಒಳ್ಳೆಯ ಅಧಿಕಾರಿಯೊಬ್ಬ ಆರಂಭಿಸಿದ ಎಷ್ಟು ಕಾರ್ಯಕ್ರಮಗಳು ಅವನ ನಂತರ ಕಡತದಲ್ಲಿ ಮಲಗಿವೆ ಎಂಬುದನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ.

ಎರಡನೆಯ ಪಾಠ ಇನ್ನೂ ಮುಖ್ಯವಾದುದು. ಮಗುವಿನ ಮಧ್ಯಾಹ್ನದ ಊಟ ಒಂದು ತಂಡದ ಗೆಲುವು ಸೋಲಿಗೆ, ಪ್ರವೇಶದ್ವಾರದ ಗಲ್ಲಾಪೆಟ್ಟಿಗೆಗೆ ಜೋತುಬಿದ್ದಿರುವುದು ಸರಿಯಲ್ಲ. ಬ್ರಿಟಿಷ್ ಸಂಸತ್ತು ಇದನ್ನು ನಿಧಾನವಾಗಿ ಒಪ್ಪಿಕೊಂಡಿತು. ಶಾಲೆಯಲ್ಲಿ ಊಟ ಒದಗಿಸಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶ ನೀಡುವ ಕಾಯ್ದೆ ಇಂಗ್ಲೆಂಡಿಗೆ 1906ರಲ್ಲಿ, ಸ್ಕಾಟ್ಲೆಂಡಿಗೆ 1908ರಲ್ಲಿ ಬಂದಿತು. 1918ರ ಕಾಯ್ದೆ ಕ್ಯಾಥೊಲಿಕ್ ಶಾಲೆಗಳನ್ನು ಸರ್ಕಾರಿ ವ್ಯವಸ್ಥೆಯೊಳಗೆ ತಂದಿತು. ಸ್ಕಾಟ್ಲೆಂಡಿನಲ್ಲಿ 2022ರ ಜನವರಿಯಿಂದ ಪ್ರಾಥಮಿಕ ಶಾಲೆಯ ಮೊದಲ ಐದು ತರಗತಿಗಳ ಎಲ್ಲ ಮಕ್ಕಳಿಗೂ ಊಟ ಉಚಿತ. ಸುಪ್ರೀಂ ಕೋರ್ಟಿನ 2001ರ ಆದೇಶ ಮತ್ತು 2002ರಲ್ಲಿ ಆರಂಭವಾದ ಅಕ್ಷರ ದಾಸೋಹವನ್ನು ಕಂಡಿರುವ ಕನ್ನಡಿಗರಿಗೆ ಈ ಹಾದಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆನ್ನಿಯಿಂದ ಹಕ್ಕಿನವರೆಗೆ ಬರಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ವಾಲ್‌ಫ್ರಿಡ್ ಇದ್ಯಾವುದನ್ನೂ ಪೂರ್ತಿ ನೋಡಲಿಲ್ಲ. 1911ರಲ್ಲಿ ಯುರೋಪ್ ಪ್ರವಾಸ ಮುಗಿಸಿ ಹಿಂದಿರುಗುತ್ತಿದ್ದ ಸೆಲ್ಟಿಕ್ ತಂಡವನ್ನು ಅವರು ಲಂಡನ್ನಿನಲ್ಲಿ ಕಂಡರು. ತಂಡ ಹಿಡಿದ ದಾರಿಯ ಬಗ್ಗೆ ಸಾರ್ವಜನಿಕವಾಗಿ ದೂರಿದವರಲ್ಲ ಅವರು. ಕೊನೆಯ ದಿನಗಳನ್ನು ಸ್ಕಾಟ್ಲೆಂಡಿನ ಡಂಫ್ರೀಸ್ ಪಟ್ಟಣದಲ್ಲಿದ್ದ ಮಾರಿಸ್ಟ್ ಸಂಘದ ನಿವಾಸದಲ್ಲಿ ಕಳೆದು, 1915ರ ಏಪ್ರಿಲ್ 17ರಂದು ತೀರಿಕೊಂಡರು. ಅಲ್ಲಿಯೇ ಅವರ ಸಮಾಧಿಯಿದೆ. ಬಡತನದ ವ್ರತ ತೊಟ್ಟವರಾದ್ದರಿಂದ ಬಿಟ್ಟುಹೋಗಲು ಆಸ್ತಿ ಏನೂ ಇರಲಿಲ್ಲ.

ತಂಡ ಬೆಳೆಯುತ್ತಲೇ ಹೋಯಿತು. 1967ರ ಮೇ 25ರಂದು ಲಿಸ್ಬನ್‌ನಲ್ಲಿ ಇಟಲಿಯ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡ ಎನಿಸಿತು. ಅಂದು ಆಡಿದವರೆಲ್ಲರೂ ಸೆಲ್ಟಿಕ್ ಪಾರ್ಕಿನಿಂದ ಮೂವತ್ತು ಮೈಲಿಯೊಳಗೆ ಹುಟ್ಟಿದವರು. ಅವರನ್ನು ಗೆಲ್ಲಿಸಿದ ವ್ಯವಸ್ಥಾಪಕ, ಮೊದಲು ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದ ಜಾಕ್ ಸ್ಟೈನ್, ಪ್ರಾಟೆಸ್ಟೆಂಟ್ ಕುಟುಂಬದಿಂದ ಬಂದವರು. ಮತದ ಬಾಗಿಲು ಹಾಕಬಾರದೆಂಬ 1887ರ ತೀರ್ಮಾನದ ಫಲ ಇದು.

1994ರಲ್ಲಿ ಮಾತ್ರ ಸಾಲದ ಹೊರೆಯಿಂದ ಕಂಪನಿ ದಿವಾಳಿಯ ಅಂಚಿಗೆ ಬಂದು ನಿಂತಿತು. ತಲೆಮಾರುಗಳಿಂದ ಹಿಡಿತ ಸಾಧಿಸಿದ್ದ ಕುಟುಂಬಗಳು ಅಧಿಕಾರ ಬಿಟ್ಟವು. ಸ್ಕಾಟ್ಲೆಂಡಿನಿಂದ ಕೆನಡಾಕ್ಕೆ ವಲಸೆ ಹೋಗಿದ್ದ ಫರ್ಗಸ್ ಮೆಕ್ಯಾನ್ ಎಂಬ ಉದ್ಯಮಿ ತಂಡವನ್ನು ಕೈಗೆತ್ತಿಕೊಂಡರು. ಸಾವಿರಾರು ಸಾಮಾನ್ಯ ಅಭಿಮಾನಿಗಳು ಷೇರು ಕೊಂಡರು. ಮರುವರ್ಷ, 1995ರಲ್ಲಿ, ತಂಡದ ಹೆಸರಿನಲ್ಲಿ ಧರ್ಮಾರ್ಥ ನಿಧಿಯೊಂದು ಆರಂಭವಾಯಿತು; ಬಳಿಕ ಅದೇ ಸೆಲ್ಟಿಕ್ ಪ್ರತಿಷ್ಠಾನವಾಯಿತು. ಮರೆತ ಉದ್ದೇಶಕ್ಕೆ ಸುಮಾರು ನೂರು ವರ್ಷಗಳ ಬಳಿಕ ಪ್ರತ್ಯೇಕ ಸಂಸ್ಥೆಯ ರೂಪ ದೊರೆಯಿತು. 2005ರ ನವೆಂಬರಿನಲ್ಲಿ ಅಭಿಮಾನಿಗಳ ಹಣದಿಂದಲೇ ಕೇಟ್ ರಾಬಿನ್ಸನ್ ಎಂಬ ಶಿಲ್ಪಿ ನಿರ್ಮಿಸಿದ ವಾಲ್‌ಫ್ರಿಡ್ ಪ್ರತಿಮೆ ಕ್ರೀಡಾಂಗಣದ ಮುಂದೆ ಅನಾವರಣಗೊಂಡಿತು. 2021ರಲ್ಲಿ ಸೇಂಟ್ ಮೇರಿ ಚರ್ಚಿನ ಆವರಣದಲ್ಲಿ ಐರಿಷ್ ಕ್ಷಾಮದಲ್ಲಿ ಮಡಿದವರ ಸ್ಮಾರಕವೂ ಎದ್ದಿತು.

ಹೀಗೆ ಹಾದಿಯ ಒಂದು ತುದಿಯಲ್ಲಿ ಹಸಿವಿನ ಸ್ಮಾರಕ, ಇನ್ನೊಂದು ತುದಿಯಲ್ಲಿ ಅರುವತ್ತು ಸಾವಿರ ಆಸನಗಳ ವೈಭವ. ನಡುವೆ ಒಂದು ಶಾಲೆಯ ನೆನಪು. ಇಂಥ ಪಾರಂಪರಿಕ ನಡಿಗೆಗಳು ಸಾಮಾನ್ಯವಾಗಿ ಚಿಕ್ಕದರಿಂದ ದೊಡ್ಡದರತ್ತ ಸಾಗುತ್ತವೆ. ಚರ್ಚಿನ ಸಭಾಂಗಣದಲ್ಲಿ ಆರಂಭಿಸಿ ಕಪ್ಪುಗಳ ಮುಂದೆ ಮುಗಿಯುತ್ತವೆ. ನಡೆಯುವವರಿಗೆ ಹೆಮ್ಮೆ ತರುವ ಕ್ರಮ ಅದು. ಆದರೆ ವಾಲ್‌ಫ್ರಿಡ್ ಅವರನ್ನು ಅರಿಯಬೇಕೆಂದಿರುವವರು ಅದೇ ಹಾದಿಯನ್ನು ಹಿಂದುಮುಂದಾಗಿ ನಡೆಯುವುದು ಒಳ್ಳೆಯದು. ಕ್ರೀಡಾಂಗಣದಿಂದ ಹೊರಟು, ಬಾಡಿಗೆ ಏರಿಸಿದ ಹಳೆಯ ಮೈದಾನದ ಜಾಗವನ್ನು ದಾಟಿ, ಬ್ರಿಜ್‌ಟನ್‌ನ ಬೀದಿಗಳನ್ನು ಹಾದು ಸೇಂಟ್ ಮೇರಿಗೆ ಬಂದು ನಿಂತಾಗ ಆ ಮೇಷ್ಟರು ದಿನವೂ ಬೆಳಿಗ್ಗೆ ತರಗತಿಯ ಬಾಗಿಲಲ್ಲಿ ಎದುರಿಸಿದ ಪ್ರಶ್ನೆ ನಮ್ಮೆದುರಿಗೂ ಬರುತ್ತದೆ: ಬಂದಿರುವ ಮಕ್ಕಳಲ್ಲಿ ಎಷ್ಟು ಜನ ಉಂಡು ಬಂದಿದ್ದಾರೆ? ಆ ಪ್ರಶ್ನೆಯನ್ನು ಕೇಳುವ ಮೇಷ್ಟರು ಎಲ್ಲ ಶಾಲೆಗಳಿಗೂ ಬೇಕು. ಉತ್ತರಿಸುವ ಹೊಣೆ ಮಾತ್ರ ಒಬ್ಬ ಮೇಷ್ಟರದಾಗಲಿ, ಒಂದು ತಂಡದ್ದಾಗಲಿ ಆಗಿರಬಾರದು.